ಕುಷ್ಠರೋಗ ಬಾಧಿತರ ಮನೆಯಲ್ಲಿರುವ ಮಕ್ಕಳಲ್ಲಿ ಹೊರಗೆ ಕಾಣದ ನರ ಹಾಗೂ ಅಂಗಬಾಧೆ – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕುಟುಂಬದ ಒಬ್ಬ ಸದಸ್ಯರಿಗೆ ಕುಷ್ಠರೋಗವಿದೆಯೆಂದು ದೃಢಪಟ್ಟಾಗ ಮನೆಯವರ ಗಮನವೆಲ್ಲ ಸಹಜವಾಗಿ ಅವರ ಚಿಕಿತ್ಸೆಯ ಕಡೆಗೇ ಹರಿಯುತ್ತದೆ. ಅದೇ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳು ಆಟವಾಡಿಕೊಂಡು, ಶಾಲೆಗೆ ಹೋಗಿಕೊಂಡು ಆರೋಗ್ಯವಾಗಿಯೇ ಕಾಣುತ್ತಿರುವುದರಿಂದ ಅವರ ತಪಾಸಣೆಯ ಅಗತ್ಯ ಯಾರ ಮನಸ್ಸಿಗೂ ಬಾರದೆ ಹೋಗಬಹುದು. ಆದರೆ ಕುಷ್ಠರೋಗವು ಚರ್ಮದ ಮೇಲೆ ಕಾಣುವ ರೋಗ ಮಾತ್ರವಲ್ಲ. ಅದು ಮೂಲತಃ ನರಗಳನ್ನು ಬಾಧಿಸುವ ರೋಗ. ನರದೊಳಗಿನ ಬಾಧೆಯು ಹೊರಗೆ ಕಾಣಿಸಿಕೊಳ್ಳುವ ಮುನ್ನವೇ ಆರಂಭವಾಗಿರಬಹುದು.

ಆರಂಭದಲ್ಲಿಯೇ ಪತ್ತೆಯಾದ ಮಗು ಯಾವ ಊನವೂ ಇಲ್ಲದೆ ಸಂಪೂರ್ಣ ಗುಣಮುಖವಾಗುತ್ತದೆ. ತಡವಾಗಿ ಪತ್ತೆಯಾದ ಮಗುವಿನಲ್ಲಿ ಔಷಧದಿಂದ ರೋಗಾಣು ನಾಶವಾದರೂ, ಅದಾಗಲೇ ನಷ್ಟವಾದ ನರಶಕ್ತಿ ಮರಳಿ ಬಾರದಿರಬಹುದು. ಈ ಎರಡು ಸ್ಥಿತಿಗಳ ನಡುವಿನ ಅಂತರವು ಬಹುತೇಕ ಸಕಾಲಿಕ ತಪಾಸಣೆಯನ್ನೇ ಅವಲಂಬಿಸಿದೆ. ಆದುದರಿಂದ ಮನೆಯ ಮಕ್ಕಳಲ್ಲಿ ಕಾಣದೆ ಉಳಿಯುವ ಬಾಧೆಯ ಸ್ವರೂಪ, ಅದನ್ನು ಗುರುತಿಸುವ ಬಗೆ, ತಪಾಸಣೆ ಹಾಗೂ ಚಿಕಿತ್ಸೆ ಪಡೆಯುವ ವಿಧಾನ ಮತ್ತು ಲಭ್ಯವಿರುವ ಸೌಲಭ್ಯಗಳ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

2. ಹಿನ್ನೆಲೆ

ಕುಷ್ಠರೋಗಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಲೆಪ್ರೆ ಎಂಬ ರೋಗಾಣುವನ್ನು ನಾರ್ವೆ ದೇಶದ ವೈದ್ಯರಾದ ಹ್ಯಾನ್ಸೆನ್ ಅವರು 1873ರಲ್ಲಿ ಗುರುತಿಸಿದರು. ಈ ಕಾರಣದಿಂದ ಇದನ್ನು ಹ್ಯಾನ್ಸೆನ್ ಕಾಯಿಲೆ ಎಂದೂ ಕರೆಯಲಾಗುತ್ತದೆ. ಭಾರತದಲ್ಲಿ 1955ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮವು ಆರಂಭಗೊಂಡು, 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮವಾಗಿ ಪರಿವರ್ತನೆಗೊಂಡಿತು. 10,000 ಜನಸಂಖ್ಯೆಗೆ ಒಂದಕ್ಕಿಂತ ಕಡಿಮೆ ರೋಗಿಗಳೆಂಬ ಮಟ್ಟವನ್ನು ದೇಶವು 2005ರ ಡಿಸೆಂಬರ್ ತಿಂಗಳಿನಲ್ಲಿ ತಲುಪಿತು.

ಇದರ ಅರ್ಥ ರೋಗವು ಸಂಪೂರ್ಣ ಇಲ್ಲವಾಗಿದೆ ಎಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರದಿಯಂತೆ 2023ರಲ್ಲಿ ಜಗತ್ತಿನಾದ್ಯಂತ 1,82,815 ಹೊಸ ಪ್ರಕರಣಗಳು ಪತ್ತೆಯಾಗಿದ್ದು, ಅವರಲ್ಲಿ 10,322 ಮಂದಿ ಮಕ್ಕಳು. ಹೊಸ ಪ್ರಕರಣಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿಯೇ ಪತ್ತೆಯಾಗಿವೆ. ಮಗುವಿನಲ್ಲಿ ಕುಷ್ಠರೋಗ ಕಂಡುಬಂದರೆ, ಆ ಮಗುವಿನ ಸಮೀಪದಲ್ಲಿ ಚಿಕಿತ್ಸೆ ಪಡೆಯದ ವಯಸ್ಕ ರೋಗಿಯೊಬ್ಬರು ಇತ್ತೀಚಿನವರೆಗೆ ಇದ್ದರು ಅಥವಾ ಈಗಲೂ ಇದ್ದಾರೆ ಎಂದೇ ತಿಳಿಯಬೇಕಾಗುತ್ತದೆ. ಈ ಕಾರಣದಿಂದ ಮಕ್ಕಳಲ್ಲಿನ ಪ್ರಕರಣಗಳಿಗೆ ಕಾರ್ಯಕ್ರಮದಲ್ಲಿ ವಿಶೇಷ ಪ್ರಾಮುಖ್ಯತೆ ನೀಡಲಾಗಿದೆ.

3. ಮನೆಯ ಮಕ್ಕಳಿಗೆ ರೋಗ ತಗಲುವ ಬಗೆ

ಚಿಕಿತ್ಸೆ ಪಡೆಯದ ರೋಗಿಯ ಮೂಗು ಮತ್ತು ಬಾಯಿಯಿಂದ ಹೊರಬೀಳುವ ಸೂಕ್ಷ್ಮ ತುಂತುರುಗಳ ಮೂಲಕ, ಬಹುಕಾಲದ ನಿಕಟ ಸಂಪರ್ಕದಲ್ಲಿ ಈ ರೋಗಾಣು ಹರಡುತ್ತದೆ. ಕೈಕುಲುಕುವುದರಿಂದ, ಒಮ್ಮೆ ಜೊತೆಯಲ್ಲಿ ಕುಳಿತು ಊಟ ಮಾಡುವುದರಿಂದ ಅಥವಾ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವುದರಿಂದ ರೋಗವು ಹರಡುವುದಿಲ್ಲ. ಇದು ವಂಶಪಾರಂಪರ್ಯ ರೋಗವಲ್ಲ. ಪೂರ್ವಜನ್ಮದ ಪಾಪ, ಶಾಪ ಅಥವಾ ದೋಷದಿಂದ ಬರುವುದೂ ಅಲ್ಲ.

ಬಹುಪಾಲು ಜನರಲ್ಲಿ ಈ ರೋಗಾಣುವನ್ನು ತಡೆಯುವ ಸಹಜ ಶಕ್ತಿ ಇರುತ್ತದೆ. ಆದ್ದರಿಂದ ಸಂಪರ್ಕಕ್ಕೆ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ರೋಗ ಬರುವುದೇ ಇಲ್ಲ. ಆದಾಗ್ಯೂ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಜೊತೆಯಲ್ಲಿ ಮಲಗಿ, ಆಡಿ, ಬೆಳೆಯುವ ಮಕ್ಕಳಿಗೆ ಹೊರಗಿನವರಿಗಿಂತ ಅಪಾಯದ ಸಂಭವ ಹೆಚ್ಚು. ಮನೆಯಲ್ಲಿರುವವರು ಬಹುದಂಡಾಣು ವಿಧದ ರೋಗಿಯಾಗಿದ್ದು, ರೋಗ ಪತ್ತೆಯಾಗಲು ಬಹುಕಾಲ ಹಿಡಿದಿದ್ದಲ್ಲಿ ಈ ಸಂಭವವು ಮತ್ತಷ್ಟು ಹೆಚ್ಚುತ್ತದೆ.

ಈ ರೋಗಾಣುವಿನ ಬೆಳವಣಿಗೆ ಅತ್ಯಂತ ನಿಧಾನ. ಒಂದು ಎರಡಾಗಲು ಸುಮಾರು 12 ರಿಂದ 14 ದಿನಗಳು ಬೇಕಾಗುತ್ತವೆ. ರೋಗಾಣು ದೇಹವನ್ನು ಸೇರಿದ ನಂತರ ಲಕ್ಷಣಗಳು ಕಾಣಿಸಿಕೊಳ್ಳಲು ಸರಾಸರಿ 5 ವರ್ಷಗಳು ಬೇಕು. ಕೆಲವರಲ್ಲಿ ಒಂದು ವರ್ಷದೊಳಗೆ ಕಾಣಿಸಿಕೊಂಡರೆ, ಕೆಲವರಲ್ಲಿ 20 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಆದ್ದರಿಂದ ತಂದೆಯ ಅಥವಾ ಅಜ್ಜಿಯ ಚಿಕಿತ್ಸೆ ಮುಗಿದ ಮಾತ್ರಕ್ಕೆ ಮಗುವಿನ ತಪಾಸಣೆಯನ್ನು ನಿಲ್ಲಿಸುವುದು ಸರಿಯಲ್ಲ.

4. ಹೊರಗೆ ಕಾಣದ ಬಾಧೆ ಎಂದರೇನು?

ಕುಷ್ಠರೋಗಾಣು ದೇಹದ ಒಳಭಾಗದ ಶಾಖಕ್ಕಿಂತ ತಂಪಾದ ಜಾಗಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ಚರ್ಮ, ಚರ್ಮದ ಹತ್ತಿರ ಹಾದುಹೋಗುವ ನರಗಳು, ಮೂಗಿನ ಒಳಪದರ, ಕಣ್ಣಿನ ಮುಂಭಾಗ ಹಾಗೂ ಗಂಡಸರಲ್ಲಿ ವೃಷಣಗಳು ಮೊದಲು ಬಾಧಿತವಾಗಲು ಇದೇ ಕಾರಣ. ಮಿದುಳು, ಬೆನ್ನುಹುರಿ ಮತ್ತು ಶ್ವಾಸಕೋಶಗಳಿಗೆ ಈ ರೋಗಾಣುವಿನಿಂದ ನೇರ ಹಾನಿ ಆಗುವುದಿಲ್ಲ.

4.1 ನರಗಳು

ನರತಂತುಗಳನ್ನು ಹೊದಿಕೆಯಂತೆ ಸುತ್ತಿರುವ ಶ್ವಾನ್ ಕೋಶಗಳನ್ನು ಈ ರೋಗಾಣು ಪ್ರವೇಶಿಸುತ್ತದೆ. ಅಲ್ಲಿ ಅದು ಬೆಳೆಯುವುದರಿಂದಲೂ, ದೇಹದ ರಕ್ಷಣಾ ಶಕ್ತಿಯು ಅದರ ವಿರುದ್ಧ ಹೋರಾಡುವಾಗ ಉಂಟಾಗುವ ಊತದಿಂದಲೂ ನರವು ಹಾನಿಗೊಳ್ಳುತ್ತದೆ. ಬಾಧೆಗೆ ಒಳಗಾಗುವ ಪ್ರಮುಖ ನರಗಳು ಮತ್ತು ಅವುಗಳ ಪರಿಣಾಮಗಳು ಕೆಳಕಂಡಂತಿವೆ:

• ಮೊಣಕೈ ಹಿಂಭಾಗದ ನರ: ಕಿರುಬೆರಳು ಮತ್ತು ಉಂಗುರ ಬೆರಳಿನ ಸ್ಪರ್ಶ ಕುಂದುತ್ತದೆ; ಮುಂದುವರಿದಲ್ಲಿ ಆ ಬೆರಳುಗಳು ಮಡಚಿಕೊಳ್ಳುತ್ತವೆ.
• ಮಣಿಕಟ್ಟಿನ ಮುಂಭಾಗದ ನರ: ಹೆಬ್ಬೆರಳಿನ ಹಿಡಿತ ಸಡಿಲವಾಗುತ್ತದೆ.
• ಮೊಣಕಾಲಿನ ಹೊರಬದಿಯ ನರ: ಪಾದವನ್ನು ಮೇಲೆತ್ತಲು ಆಗದೆ ಜೋತುಬೀಳುತ್ತದೆ.
• ಕಾಲಿನ ಹರಡಿನ ಒಳಬದಿಯ ನರ: ಅಂಗಾಲಿನ ಸ್ಪರ್ಶ ಹೋಗಿ, ಅರಿವಿಲ್ಲದೆ ಗಾಯ ಹಾಗೂ ಹುಣ್ಣುಗಳಾಗುತ್ತವೆ.
• ಮುಖದ ನರ: ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ.
• ಕಿವಿಯ ಕೆಳಗೆ ಕತ್ತಿನ ಪಕ್ಕದ ನರ: ಹುರಿಯಂತೆ ದಪ್ಪವಾಗಿ ಕಾಣಬಹುದು ಅಥವಾ ಕೈಗೆ ಸಿಗಬಹುದು.

ನೋವು, ಊತ ಅಥವಾ ಬಾವು ಏನೂ ಇಲ್ಲದೆಯೇ ನರದ ಶಕ್ತಿ ಕ್ರಮೇಣ ಕುಂದುವುದುಂಟು. ಇದನ್ನು ಮೌನ ನರಬಾಧೆ ಎನ್ನಲಾಗುತ್ತದೆ. ಕುಷ್ಠರೋಗದಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಡುವ ಬಾಧೆ ಇದೇ ಆಗಿದೆ. ಉತ್ತರ ಪ್ರದೇಶದ ನೈನಿ ಮತ್ತು ಫೈಜಾಬಾದ್‌ನ ಆಸ್ಪತ್ರೆಗಳಲ್ಲಿ ಬಹುದಂಡಾಣು ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ಸ್ಪರ್ಶ ಪರೀಕ್ಷೆಯಲ್ಲಿ ದೋಷ ಕಂಡುಬರುವ 12 ವಾರಗಳಷ್ಟು ಮುಂಚೆಯೇ ನರದ ಸಂದೇಶವಹನ ಮತ್ತು ಬಿಸಿಯನ್ನು ಗುರುತಿಸುವ ಶಕ್ತಿ ಕುಂದಿರುವುದು ಕಂಡುಬಂದಿತು. ಬ್ರೆಜಿಲ್ ದೇಶದ ಉಬರ್ಲಾಂಡಿಯಾ ನಗರದಲ್ಲಿ ನಡೆದ ಅಧ್ಯಯನಗಳಲ್ಲಿ, ಚರ್ಮದ ಮೇಲೆ ಯಾವ ಚಿಹ್ನೆಯೂ ಇಲ್ಲದ ಕೆಲವು ಮನೆ ಸಂಪರ್ಕಿತರಲ್ಲಿಯೂ ನರದ ಬದಲಾವಣೆಗಳು ಪತ್ತೆಯಾಗಿವೆ.

4.2 ಕಣ್ಣು ಮತ್ತು ಮೂಗು

ಕಣ್ಣಿನ ಕರಿಗುಡ್ಡೆಯ ಮೇಲ್ಪದರದ ಸ್ಪರ್ಶ ಕುಂದಿದಾಗ ಧೂಳು ಬಿದ್ದರೂ ಮಗುವಿಗೆ ತಿಳಿಯುವುದಿಲ್ಲ ಮತ್ತು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ರೆಪ್ಪೆ ಮುಚ್ಚದ ಕಣ್ಣು ಒಣಗಿ ಹುಣ್ಣಾಗುವ ಅಪಾಯವಿದೆ. ಕಣ್ಣಿನೊಳಗಿನ ಉರಿಯೂತವು ಕೆಂಪು, ನೋವು ಅಥವಾ ಮಬ್ಬು ದೃಷ್ಟಿಯಾಗಿ ಕಾಣಿಸಿಕೊಳ್ಳಬಹುದು. ಬಹುದಂಡಾಣು ರೋಗದಲ್ಲಿ ಮೂಗು ಸದಾ ಕಟ್ಟಿರುವುದು, ಒಳಗೆ ಹೆಕ್ಕಳಿಕೆಗಟ್ಟುವುದು ಹಾಗೂ ಆಗಾಗ ರಕ್ತ ಬರುವುದು ಮೊದಲ ಚಿಹ್ನೆಗಳಾಗಿರಬಹುದು. ಇವುಗಳನ್ನು ಸಾಮಾನ್ಯ ನೆಗಡಿ ಎಂದು ತಿಳಿಯುವ ಸಾಧ್ಯತೆ ಇರುತ್ತದೆ.

4.3 ಒಳ ಅಂಗಗಳು

ಬಹುಕಾಲ ಚಿಕಿತ್ಸೆ ಇಲ್ಲದ ಬಹುದಂಡಾಣು ರೋಗದಲ್ಲಿ ರೋಗಾಣುಗಳು ರಕ್ತದ ಮೂಲಕ ಯಕೃತ್ತು, ಗುಲ್ಮ, ದುಗ್ಧಗ್ರಂಥಿಗಳು, ಅಸ್ಥಿಮಜ್ಜೆ, ವೃಷಣಗಳು ಮತ್ತು ಕೈಕಾಲುಗಳ ಸಣ್ಣ ಮೂಳೆಗಳನ್ನು ತಲುಪಬಹುದು. ಹಲವು ಬಾರಿ ಇದರಿಂದ ರೋಗಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ. ಎರಡನೇ ವಿಧದ ರೋಗ ಪ್ರತಿಕ್ರಿಯೆಯಲ್ಲಿ ಜ್ವರ ಮತ್ತು ನೋವಿನ ಗಂಟುಗಳ ಜೊತೆಗೆ ಮೂತ್ರಪಿಂಡ, ಕಣ್ಣು, ಕೀಲು ಹಾಗೂ ವೃಷಣಗಳಲ್ಲಿ ಉರಿಯೂತ ಉಂಟಾಗಬಹುದು.

ಮಕ್ಕಳಲ್ಲಿ ಬಹುಮಟ್ಟಿಗೆ ಕಂಡುಬರುವುದು ಒಂದೆರಡು ಮಚ್ಚೆಗಳಿರುವ ಅಲ್ಪದಂಡಾಣು ರೋಗ. ಒಳ ಅಂಗಗಳ ಬಾಧೆ ಮಕ್ಕಳಲ್ಲಿ ವಿರಳ. ಆದ್ದರಿಂದ ರೋಗಲಕ್ಷಣವಿಲ್ಲದ ಮಗುವಿಗೆ ಸ್ಕ್ಯಾನಿಂಗ್ ಮುಂತಾದ ದುಬಾರಿ ಪರೀಕ್ಷೆಗಳನ್ನು ಮಾಡಿಸುವ ಅಗತ್ಯವಿರುವುದಿಲ್ಲ. ಬಹುದಂಡಾಣು ರೋಗ ಅಥವಾ ರೋಗ ಪ್ರತಿಕ್ರಿಯೆ ಇರುವ ಮಗುವಿಗೆ ಮಾತ್ರ ವೈದ್ಯರು ರಕ್ತ, ಮೂತ್ರ ಮತ್ತು ಕಣ್ಣಿನ ಪರೀಕ್ಷೆಗಳನ್ನು ಅಗತ್ಯಕ್ಕೆ ತಕ್ಕಂತೆ ಸೂಚಿಸುತ್ತಾರೆ.

5. ಮಕ್ಕಳಲ್ಲಿ ಪತ್ತೆ ತಡವಾಗಲು ಕಾರಣಗಳು

1) ನೋವಾದರೆ ಮಗು ಅಳುತ್ತದೆ. ಸ್ಪರ್ಶ ಕುಂದಿದರೆ ಅಳುವುದಿಲ್ಲ. ಇಲ್ಲದ ಅರಿವಿನ ಬಗ್ಗೆ ದೂರು ಹೇಳುವುದು ಚಿಕ್ಕ ಮಕ್ಕಳಿಗೆ ಸಾಧ್ಯವಾಗುವುದಿಲ್ಲ.

2) ಮಕ್ಕಳ ಮುಖ ಮತ್ತು ಮೈಮೇಲಿನ ತಿಳಿಬಣ್ಣದ ಮಚ್ಚೆಗಳನ್ನು ಚಿಬ್ಬು ಎಂದೋ, ಹೊಟ್ಟೆಯಲ್ಲಿ ಹುಳುವಾಗಿದೆ ಎಂದೋ, ಪೌಷ್ಟಿಕಾಂಶದ ಕೊರತೆ ಎಂದೋ ಭಾವಿಸಿ ಸುಮ್ಮನಿರುವುದು ಸಾಮಾನ್ಯ. ಇಂತಹ ಮಚ್ಚೆಗಳಲ್ಲಿ ಹೆಚ್ಚಿನವು ಕುಷ್ಠರೋಗದವಲ್ಲ ಎಂಬುದು ನಿಜ. ಆದರೆ ಮನೆಯಲ್ಲಿ ಕುಷ್ಠರೋಗ ಬಾಧಿತರಿರುವಾಗ ಪ್ರತಿಯೊಂದು ಮಚ್ಚೆಯನ್ನೂ ತೋರಿಸಿ ಖಚಿತಪಡಿಸಿಕೊಳ್ಳುವುದು ಅವಶ್ಯ.

3) ಮುಖದ ಮೇಲಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಉಳಿದಿರಬಹುದು. ಮುಖಕ್ಕೆ ನರಗಳ ಪೂರೈಕೆ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಆದ್ದರಿಂದ "ಮುಟ್ಟಿದರೆ ತಿಳಿಯುತ್ತದೆ, ಹಾಗಾಗಿ ಕುಷ್ಠರೋಗವಲ್ಲ" ಎಂದು ಮನೆಯಲ್ಲಿಯೇ ತೀರ್ಮಾನಿಸಬಾರದು.

4) ಬೆನ್ನು, ಪೃಷ್ಠ ಮತ್ತು ತೊಡೆಯ ಹಿಂಭಾಗದ ಮಚ್ಚೆಗಳು ಬಟ್ಟೆಯ ಮರೆಯಲ್ಲಿ ಉಳಿಯುತ್ತವೆ. ಮಗು ತಾನೇ ಸ್ನಾನ ಮಾಡಲು ಆರಂಭಿಸಿದ ನಂತರ ಪಾಲಕರ ಕಣ್ಣಿಗೆ ಬೀಳುವುದಿಲ್ಲ.

5) ಊರಿನವರು, ಶಾಲೆಯವರು, ನೆಂಟರಿಷ್ಟರು ಏನೆನ್ನುವರೋ ಎಂಬ ಅಂಜಿಕೆಯಿಂದ ಹಲವು ಕುಟುಂಬಗಳು ಮಕ್ಕಳ ತಪಾಸಣೆಯನ್ನು ಮುಂದೂಡುತ್ತವೆ. ಮುಚ್ಚಿಡುವುದರಿಂದ ರೋಗ ಕಡಿಮೆಯಾಗುವುದಿಲ್ಲ. ಮುಚ್ಚಿಟ್ಟ ರೋಗವೇ ಮುಂದೆ ಎಲ್ಲರಿಗೂ ಕಾಣುವಂತಹ ಊನವನ್ನು ಉಂಟುಮಾಡುತ್ತದೆ.

6. ಪಾಲಕರು ಮನೆಯಲ್ಲಿ ಗಮನಿಸಬೇಕಾದ ಚಿಹ್ನೆಗಳು

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ, ಮಗುವಿಗೆ ಸ್ನಾನ ಮಾಡಿಸುವಾಗ ಇಡೀ ಮೈಯನ್ನು ಹಿಂದೆ-ಮುಂದೆ ನೋಡುವುದು ಒಳ್ಳೆಯ ರೂಢಿ. ಈ ಕೆಳಗಿನ ಯಾವುದೇ ಚಿಹ್ನೆ ಕಂಡುಬಂದಲ್ಲಿ ಮುಂದಿನ ವಾರ್ಷಿಕ ತಪಾಸಣೆಗೆ ಕಾಯದೆ ಕೂಡಲೇ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕು.

• ತಿಳಿ ಬಿಳಿ, ಕೆಂಪು ಅಥವಾ ತಾಮ್ರ ಬಣ್ಣದ, ತುರಿಕೆ ಇಲ್ಲದ ಮಚ್ಚೆ.
• ಆಡಿ ಬಂದಾಗ ಮೈಯೆಲ್ಲ ಬೆವರಿದ್ದರೂ ಮಚ್ಚೆಯ ಜಾಗ ಮಾತ್ರ ಒಣಗಿರುವುದು. ಅಲ್ಲಿ ಕೂದಲು ಉದುರಿರುವುದು.
• ಕೈ ಅಥವಾ ಪಾದದಲ್ಲಿ ಆಗಾಗ ಜೋಮು ಹಿಡಿಯುವುದು, ಇರುವೆ ಹರಿದಂತಾಗುವುದು.
• ನಡೆಯುವಾಗ ಚಪ್ಪಲಿ ಕಳಚಿಹೋದರೂ ಮಗುವಿನ ಅರಿವಿಗೆ ಬಾರದಿರುವುದು. ಪಾದ ಎಳೆದುಕೊಂಡು ನಡೆಯುವುದು, ಪದೇ ಪದೇ ಎಡವುವುದು.
• ಅಂಗಿಯ ಗುಂಡಿ ಹಾಕಲು, ಪೆನ್ಸಿಲ್ ಹಿಡಿಯಲು, ತುತ್ತು ಕಲಸಲು ಮೊದಲಿಗಿಂತ ಕಷ್ಟಪಡುವುದು. ಬರವಣಿಗೆ ಕಾರಣವಿಲ್ಲದೆ ಕೆಡುವುದು.
• ಬಿಸಿ ಪಾತ್ರೆಯಿಂದ ಬೊಬ್ಬೆ, ಮುಳ್ಳು ಚುಚ್ಚಿದ ಗಾಯ ಇತ್ಯಾದಿ ಆಗಿದ್ದರೂ ಮಗು ನೋವು ಹೇಳದಿರುವುದು.
• ನಿದ್ರೆಯಲ್ಲಿ ಕಣ್ಣು ಅರೆತೆರೆದಿರುವುದು, ಕಣ್ಣು ಕೆಂಪಾಗಿರುವುದು.
• ಕಿವಿಯ ಹಾಲೆ ದಪ್ಪವಾಗುವುದು, ಹುಬ್ಬಿನ ಹೊರತುದಿಯ ಕೂದಲು ಉದುರುವುದು.

ಮನೆಯಲ್ಲಿ ಸೂಜಿ ಚುಚ್ಚಿ ಅಥವಾ ಬಿಸಿ ತಾಗಿಸಿ ಪರೀಕ್ಷಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು.

7. ತಪಾಸಣೆ ಪಡೆಯುವ ವಿಧಾನ

7.1 ಯಾರು ತಪಾಸಣೆಗೆ ಒಳಪಡಬೇಕು?

ರೋಗಿಯೊಂದಿಗೆ ಒಂದೇ ಮನೆಯಲ್ಲಿ ವಾಸಿಸುವ ಎಲ್ಲ ಮಕ್ಕಳು ಮತ್ತು ವಯಸ್ಕರು ತಪಾಸಣೆಗೆ ಒಳಪಡಬೇಕು. ಇದಲ್ಲದೆ ಕಳೆದ ಒಂದು ವರ್ಷದಲ್ಲಿ ಕನಿಷ್ಠ 3 ತಿಂಗಳ ಕಾಲ ವಾರಕ್ಕೆ 20 ಗಂಟೆ ಅಥವಾ ಅದಕ್ಕಿಂತ ಹೆಚ್ಚು ರೋಗಿಯ ಸಂಪರ್ಕದಲ್ಲಿದ್ದವರೂ ಸೇರುತ್ತಾರೆ. ವಿದ್ಯಾರ್ಥಿನಿಲಯದಲ್ಲಿ ಓದುತ್ತಿರುವ ಮಗು, ಮನೆಯಲ್ಲಿ ರೋಗ ಪತ್ತೆಯಾದ ನಂತರ ಅಜ್ಜಿಯ ಮನೆಗೆ ಕಳುಹಿಸಲಾದ ಮಗು ಹಾಗೂ ಕೂಲಿಗಾಗಿ ಪೋಷಕರೊಂದಿಗೆ ಬೇರೆ ಊರಿಗೆ ಹೋಗಿರುವ ಮಗು, ಇವರ ಹೆಸರುಗಳು ಪಟ್ಟಿಯಿಂದ ಬಿಟ್ಟುಹೋಗುವ ಸಂಭವ ಹೆಚ್ಚು. ಇಂತಹ ಮಕ್ಕಳ ವಿವರವನ್ನು ಪಾಲಕರೇ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು.

7.2 ಎಲ್ಲಿ?

ಆಶಾ ಕಾರ್ಯಕರ್ತೆ ಅಥವಾ ಸಮುದಾಯ ಆರೋಗ್ಯ ಅಧಿಕಾರಿಯನ್ನು ಮೊದಲು ಸಂಪರ್ಕಿಸಬಹುದು. ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೂ ಹೋಗಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ಭೇಟಿ ನೀಡುವ ವೈದ್ಯಕೀಯ ತಂಡಕ್ಕೂ ಮಗುವನ್ನು ತೋರಿಸಬಹುದು. ಸೌಲಭ್ಯ ದೊರೆಯದಿದ್ದಲ್ಲಿ ಆಯಾ ಜಿಲ್ಲೆಯ ಕುಷ್ಠರೋಗ ನಿರ್ಮೂಲನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.

7.3 ಅರ್ಜಿ, ಶುಲ್ಕ ಮತ್ತು ದಾಖಲೆಗಳು

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕುಷ್ಠರೋಗದ ತಪಾಸಣೆ ಮತ್ತು ಬಹು ಔಷಧಿ ಚಿಕಿತ್ಸೆಯು ಉಚಿತವಾಗಿರುತ್ತದೆ. ಕೆಳಕಂಡವುಗಳನ್ನು ಜೊತೆಯಲ್ಲಿ ತಂದರೆ ಅನುಕೂಲ:

ಅ) ಮನೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಚಿಕಿತ್ಸಾ ಕಾರ್ಡ್.
ಆ) ಮಗುವಿನ ವಯಸ್ಸು ಮತ್ತು ಬಿ.ಸಿ.ಜಿ. ಲಸಿಕೆಯ ವಿವರವಿರುವ ತಾಯಿ ಕಾರ್ಡ್.
ಇ) ಮಗು ಸೇವಿಸುತ್ತಿರುವ ಔಷಧಗಳು ಮತ್ತು ಹಿಂದಿನ ಕಾಯಿಲೆಗಳ ಚೀಟಿಗಳು, ವಿಶೇಷವಾಗಿ ಕ್ಷಯರೋಗ ಹಾಗೂ ಕಾಮಾಲೆಗೆ ಸಂಬಂಧಿಸಿದವು.

7.4 ತಪಾಸಣೆ ಹೇಗೆ ನಡೆಯುತ್ತದೆ?

ಸಾಕಷ್ಟು ಬೆಳಕಿರುವ, ಮರೆಯಿರುವ ಕೊಠಡಿಯಲ್ಲಿ ಪಾಲಕರ ಸಮ್ಮುಖದಲ್ಲಿ ಮಗುವಿನ ಇಡೀ ಚರ್ಮವನ್ನು ನೋಡಲಾಗುತ್ತದೆ. ಹೆಣ್ಣುಮಕ್ಕಳಿಗೆ ಮಹಿಳಾ ಸಿಬ್ಬಂದಿಯಿಂದ ತಪಾಸಣೆ ಬೇಕೆಂದು ಪಾಲಕರು ಕೇಳಬಹುದು. ಮೇಲೆ ತಿಳಿಸಿದ ನರಗಳನ್ನು ಬೆರಳಿನಿಂದ ಮೃದುವಾಗಿ ಮುಟ್ಟಿ, ಎರಡೂ ಬದಿಗಳನ್ನು ಹೋಲಿಸಿ, ದಪ್ಪವಾಗಿದೆಯೇ ಅಥವಾ ನೋವಿದೆಯೇ ಎಂದು ಪರೀಕ್ಷಿಸಲಾಗುತ್ತದೆ. ನಂತರ ಮಗು ಕಣ್ಣು ಮುಚ್ಚಿಕೊಂಡಿರುವಾಗ ಬಾಲ್‌ಪೆನ್ನಿನ ತುದಿ ಅಥವಾ ನೈಲಾನ್ ಎಳೆಯಿಂದ ಅಂಗೈ ಮತ್ತು ಅಂಗಾಲುಗಳನ್ನು ಹಗುರವಾಗಿ ಮುಟ್ಟಿ, ಮುಟ್ಟಿದ ಜಾಗವನ್ನು ತೋರಿಸಲು ಹೇಳಲಾಗುತ್ತದೆ. ಕಿರುಬೆರಳನ್ನು ಅಗಲಿಸುವುದು, ಹೆಬ್ಬೆರಳನ್ನು ಮೇಲೆತ್ತುವುದು, ಪಾದವನ್ನು ಮೇಲಕ್ಕೆ ಮಡಚುವುದು ಮತ್ತು ಕಣ್ಣುಗಳನ್ನು ಬಿಗಿಯಾಗಿ ಮುಚ್ಚುವುದು, ಈ ಚಲನೆಗಳ ಮೂಲಕ ಸ್ನಾಯುಬಲವನ್ನು ಅಳೆಯಲಾಗುತ್ತದೆ. ಈ ಪರೀಕ್ಷೆಗಳಿಂದ ಮಗುವಿಗೆ ನೋವಾಗುವುದಿಲ್ಲ.

ತೀರ ಚಿಕ್ಕ ಮಕ್ಕಳಲ್ಲಿ ಸ್ಪರ್ಶ ಪರೀಕ್ಷೆ ವಿಶ್ವಾಸಾರ್ಹವಾಗಿರುವುದಿಲ್ಲ. ಅಂತಹ ಮಕ್ಕಳು ಆಡುವ, ನಡೆಯುವ ಹಾಗೂ ವಸ್ತುಗಳನ್ನು ಹಿಡಿಯುವ ರೀತಿಯನ್ನು ಗಮನಿಸಿ, ಅನುಮಾನವಿದ್ದಲ್ಲಿ ಕೆಲವು ತಿಂಗಳ ನಂತರ ಪುನಃ ತಪಾಸಣೆ ಮಾಡಲಾಗುತ್ತದೆ.

7.5 ಎಷ್ಟು ಬಾರಿ?

ಮನೆಯಲ್ಲಿ ರೋಗ ಪತ್ತೆಯಾದ ಕೂಡಲೇ ಒಮ್ಮೆ ಹಾಗೂ ನಂತರ ವರ್ಷಕ್ಕೊಮ್ಮೆಯಂತೆ ಕನಿಷ್ಠ 5 ವರ್ಷಗಳ ಕಾಲ ತಪಾಸಣೆ ಮಾಡಿಸಬೇಕು. ಮೊದಲ ತಪಾಸಣೆಯಲ್ಲಿ "ಏನೂ ಇಲ್ಲ" ಎಂದು ಹೇಳಿದ್ದರೆ ಅದು ಆ ದಿನಕ್ಕೆ ಮಾತ್ರ ಅನ್ವಯಿಸುತ್ತದೆ. ಪ್ರತಿ ತಪಾಸಣೆಯ ದಿನಾಂಕವನ್ನು ಪಾಲಕರು ಬರೆದಿಟ್ಟುಕೊಳ್ಳುವುದು ಸೂಕ್ತ.

8. ಪ್ರಯೋಗಾಲಯ ಪರೀಕ್ಷೆಗಳ ಬಗ್ಗೆ

ಲಕ್ಷಣಗಳಿಲ್ಲದ ಮಗುವಿನಲ್ಲಿ ಅಡಗಿರುವ ಸೋಂಕನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ರೋಗಾಣುವಿನ ವಿರುದ್ಧದ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆಗಳು ಸಂಶೋಧನೆಯಲ್ಲಿ ಬಳಕೆಯಲ್ಲಿವೆಯಾದರೂ, ಅವು ಇದೆ ಎಂದು ತೋರಿಸಿದ ಮಕ್ಕಳೆಲ್ಲರಿಗೂ ರೋಗ ಬರುವುದಿಲ್ಲ ಮತ್ತು ಇಲ್ಲವೆಂದು ತೋರಿಸಿದ ಮಾತ್ರಕ್ಕೆ ರೋಗ ಬರುವುದಿಲ್ಲವೆಂದೂ ಅಲ್ಲ. ಅಡಗಿದ ಸೋಂಕಿನ ಪತ್ತೆಗೆ ಯಾವ ಪರೀಕ್ಷೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ. ಚರ್ಮದ ಲೇಪ ಪರೀಕ್ಷೆಯು ಮಕ್ಕಳ ಅಲ್ಪದಂಡಾಣು ರೋಗದಲ್ಲಿ ಸಾಮಾನ್ಯವಾಗಿ ರೋಗಾಣುಗಳನ್ನು ತೋರಿಸುವುದಿಲ್ಲ. ಆದ್ದರಿಂದ ನುರಿತ ಸಿಬ್ಬಂದಿಯ ಕಣ್ಣು ಮತ್ತು ಬೆರಳುಗಳಿಂದ ನಡೆಯುವ ನಿಯತ ತಪಾಸಣೆಯೇ ಇಂದಿಗೂ ಮುಖ್ಯ ಸಾಧನವಾಗಿದೆ.

9. ಮುಂಜಾಗ್ರತಾ ಔಷಧ

ರೋಗಲಕ್ಷಣವಿಲ್ಲದ ಸಂಪರ್ಕಿತರಿಗೆ ರಿಫಾಂಪಿಸಿನ್ ಔಷಧವನ್ನು ಒಂದೇ ಬಾರಿ ನೀಡಲಾಗುತ್ತದೆ. ಬಾಂಗ್ಲಾದೇಶದಲ್ಲಿ 21,711 ಸಂಪರ್ಕಿತರನ್ನು ಒಳಗೊಂಡು ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದರಿಂದ ಮೊದಲ 2 ವರ್ಷಗಳಲ್ಲಿ ಹೊಸ ಪ್ರಕರಣಗಳು ಶೇ. 57ರಷ್ಟು ಕಡಿಮೆಯಾದವು. ರೋಗಿಗೆ ಅತ್ಯಂತ ಹತ್ತಿರದಲ್ಲಿದ್ದವರಲ್ಲಿ ಈ ಪ್ರಯೋಜನ ಕಡಿಮೆ ಪ್ರಮಾಣದಲ್ಲಿತ್ತು. ಆದ್ದರಿಂದ ಮಾತ್ರೆ ನುಂಗಿದ ನಂತರವೂ ಮನೆಯ ಮಕ್ಕಳ ವಾರ್ಷಿಕ ತಪಾಸಣೆ ಮುಂದುವರಿಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಪ್ರಮಾಣ:

• 15 ವರ್ಷ ಮತ್ತು ಮೇಲ್ಪಟ್ಟವರಿಗೆ: 600 ಮಿ.ಗ್ರಾಂ.
• 10 ರಿಂದ 14 ವರ್ಷ: 450 ಮಿ.ಗ್ರಾಂ.
• 6 ರಿಂದ 9 ವರ್ಷ, ತೂಕ 20 ಕಿ.ಗ್ರಾಂ ಅಥವಾ ಹೆಚ್ಚು: 300 ಮಿ.ಗ್ರಾಂ.
• 2 ವರ್ಷ ಮೇಲ್ಪಟ್ಟು, 20 ಕಿ.ಗ್ರಾಂಗಿಂತ ಕಡಿಮೆ ತೂಕ: ಪ್ರತಿ ಕಿ.ಗ್ರಾಂ ತೂಕಕ್ಕೆ 10 ರಿಂದ 15 ಮಿ.ಗ್ರಾಂ.

2 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಕಳೆದ 2 ವರ್ಷಗಳಲ್ಲಿ ರಿಫಾಂಪಿಸಿನ್ ಪಡೆದವರು, ಕ್ಷಯರೋಗದ ಲಕ್ಷಣವಿರುವವರು ಮತ್ತು ಕುಷ್ಠರೋಗದ ಯಾವುದೇ ಚಿಹ್ನೆ ಇರುವವರಿಗೆ ಇದನ್ನು ನೀಡಲಾಗುವುದಿಲ್ಲ. ಈಗಾಗಲೇ ರೋಗವಿರುವ ಮಗುವಿಗೆ ಒಂದೇ ಮಾತ್ರೆ ಸಾಲುವುದಿಲ್ಲ, ಪೂರ್ಣ ಚಿಕಿತ್ಸೆಯೇ ಬೇಕು. ಆದ್ದರಿಂದ ತಪಾಸಣೆ ಇಲ್ಲದೆ ಮಾತ್ರೆ ಪಡೆಯಬಾರದು ಮತ್ತು ಔಷಧದ ಅಂಗಡಿಯಿಂದ ತಾವಾಗಿಯೇ ಖರೀದಿಸಿ ನೀಡಬಾರದು. ಹುಟ್ಟಿದಾಗ ಹಾಕುವ ಬಿ.ಸಿ.ಜಿ. ಲಸಿಕೆಯು ಕ್ಷಯರೋಗದ ಜೊತೆಗೆ ಕುಷ್ಠರೋಗದಿಂದಲೂ ಸ್ವಲ್ಪಮಟ್ಟಿನ ರಕ್ಷಣೆ ನೀಡುತ್ತದೆ.

10. ಚಿಕಿತ್ಸೆ

ಮಚ್ಚೆಗಳು 5 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ ಅಲ್ಪದಂಡಾಣು, 6 ಅಥವಾ ಹೆಚ್ಚು ಇದ್ದಲ್ಲಿ ಬಹುದಂಡಾಣು ಎಂದು ವರ್ಗೀಕರಿಸಲಾಗುತ್ತದೆ. ನರಗಳ ಬಾಧೆ ಮತ್ತು ಲೇಪ ಪರೀಕ್ಷೆಯ ಫಲಿತಾಂಶವನ್ನೂ ಪರಿಗಣಿಸಲಾಗುತ್ತದೆ. ದಿನಾಂಕ 01-04-2025ರಿಂದ ದೇಶದಲ್ಲಿ ಎರಡೂ ವಿಧದ ರೋಗಿಗಳಿಗೆ ರಿಫಾಂಪಿಸಿನ್, ಡ್ಯಾಪ್ಸೋನ್ ಮತ್ತು ಕ್ಲೋಫಾಜಿಮೈನ್ ಎಂಬ ಮೂರು ಔಷಧಗಳ ಚಿಕಿತ್ಸೆ ಜಾರಿಯಲ್ಲಿದೆ. ಅವಧಿಯು ಅಲ್ಪದಂಡಾಣು ರೋಗಕ್ಕೆ 6 ತಿಂಗಳು ಮತ್ತು ಬಹುದಂಡಾಣು ರೋಗಕ್ಕೆ 12 ತಿಂಗಳು. ಮಕ್ಕಳಿಗೆ ವಯಸ್ಸು ಹಾಗೂ ತೂಕಕ್ಕೆ ಅನುಗುಣವಾಗಿ ಪ್ರಮಾಣವನ್ನು ನಿಗದಿಪಡಿಸಲಾಗುತ್ತದೆ.

ರಿಫಾಂಪಿಸಿನ್ ಸೇವಿಸಿದ ದಿನ ಮೂತ್ರವು ಕೆಂಪಾಗುತ್ತದೆ. ಕ್ಲೋಫಾಜಿಮೈನ್‌ನಿಂದ ಚರ್ಮದ ಬಣ್ಣ ಕಂದಾಗಿ, ಚಿಕಿತ್ಸೆ ಮುಗಿದ ಕೆಲವು ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಇವುಗಳಿಂದ ಆತಂಕಪಡಬೇಕಾಗಿಲ್ಲ. ಆದರೆ ಮೈಮೇಲೆ ದದ್ದು, ಚರ್ಮ ಸುಲಿಯುವುದು, ಜ್ವರ, ಕಣ್ಣು ಹಳದಿಯಾಗುವುದು ಅಥವಾ ತೀವ್ರ ನಿಶ್ಶಕ್ತಿ ಕಂಡುಬಂದಲ್ಲಿ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆಯ ಮೊದಲು, ನಡುವೆ ಅಥವಾ ನಂತರವೂ ರೋಗ ಪ್ರತಿಕ್ರಿಯೆ ಉಂಟಾಗಿ ಮಚ್ಚೆಗಳು ಕೆಂಪಾಗಿ ಊದಿಕೊಳ್ಳಬಹುದು, ನರಗಳು ನೋಯಬಹುದು ಅಥವಾ ನೋವಿಲ್ಲದೆಯೇ ಬಲ ಕುಂದಬಹುದು. ಇದು ಔಷಧದ ದೋಷವಲ್ಲ. ಬಹು ಔಷಧಿ ಚಿಕಿತ್ಸೆಯನ್ನು ನಿಲ್ಲಿಸದೆ ಆರೋಗ್ಯ ಕೇಂದ್ರಕ್ಕೆ ಬರಬೇಕು. ನರದ ಬಲ ಕುಂದಿ 6 ತಿಂಗಳು ಕಳೆಯುವ ಮುನ್ನ ಪ್ರೆಡ್ನಿಸೋಲೋನ್ ಚಿಕಿತ್ಸೆ ಆರಂಭಿಸಿದಲ್ಲಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಆ ಸಾಧ್ಯತೆ ಕುಗ್ಗುತ್ತದೆ. ಈ ಔಷಧವನ್ನು ವೈದ್ಯರ ನಿಗಾದಲ್ಲಿ ಮಾತ್ರ ಸೇವಿಸಬೇಕು ಮತ್ತು ಏಕಾಏಕಿ ನಿಲ್ಲಿಸಬಾರದು.

11. ಶಾಲೆ, ಗೌಪ್ಯತೆ ಮತ್ತು ಕಾನೂನು

ಚಿಕಿತ್ಸೆ ಆರಂಭಿಸಿದ ಕೆಲವೇ ದಿನಗಳಲ್ಲಿ ರೋಗಿಯಿಂದ ಇತರರಿಗೆ ರೋಗ ಹರಡುವುದು ನಿಲ್ಲುತ್ತದೆ. ಆದ್ದರಿಂದ ಚಿಕಿತ್ಸೆ ಪಡೆಯುತ್ತಿರುವ ಮಗು ಎಂದಿನಂತೆ ಶಾಲೆಗೆ ಹೋಗಬಹುದು, ಎಲ್ಲರೊಂದಿಗೆ ಬಿಸಿಯೂಟ ಮಾಡಬಹುದು ಮತ್ತು ಆಟಗಳಲ್ಲಿ ಭಾಗವಹಿಸಬಹುದು. ಮನೆಯಲ್ಲಿ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಮಾಡುವ ಅಗತ್ಯವಿಲ್ಲ.

ನೆರೆಹೊರೆಯವರನ್ನು ಅಥವಾ ಶಾಲೆಯ ಮಕ್ಕಳನ್ನು ತಪಾಸಣೆ ಮಾಡುವ ಸಂದರ್ಭದಲ್ಲಿ ರೋಗಿಯ ಹೆಸರನ್ನು ಬಹಿರಂಗಪಡಿಸಬಾರದು. ಸಂಪರ್ಕಿತರಿಗೆ ಮುಂಜಾಗ್ರತಾ ಔಷಧ ನೀಡುವ ಮುನ್ನ ರೋಗಿಯ ಸಮ್ಮತಿ ಪಡೆಯುವುದು ಅವಶ್ಯ.

ರೋಗಿಗಳನ್ನು ಪ್ರತ್ಯೇಕಿಸಿಡಲು ಅವಕಾಶ ನೀಡಿದ್ದ 1898ರ ಕುಷ್ಠರೋಗಿಗಳ ಅಧಿನಿಯಮವು 2016ರಲ್ಲಿ ರದ್ದಾಗಿದೆ. ವೈಯಕ್ತಿಕ ಕಾನೂನುಗಳ (ತಿದ್ದುಪಡಿ) ಅಧಿನಿಯಮ, 2019ರ ಮೂಲಕ ಕುಷ್ಠರೋಗವನ್ನು ವಿವಾಹ ವಿಚ್ಛೇದನದ ಕಾರಣಗಳಿಂದ ಕೈಬಿಡಲಾಗಿದೆ.

12. ಊನ ಉಂಟಾಗಿದ್ದಲ್ಲಿ ದೊರೆಯುವ ಸೌಲಭ್ಯಗಳು

ಅ) ಅಂಗಾಲಿನ ಸ್ಪರ್ಶ ಕುಂದಿದವರಿಗೆ ಮೃದು ಅಡಿಯ ಎಂ.ಸಿ.ಆರ್. ಪಾದರಕ್ಷೆ ಹಾಗೂ ಹುಣ್ಣುಗಳ ಆರೈಕೆ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸಲಾಗುತ್ತದೆ.

ಆ) ಮಡಚಿದ ಬೆರಳು, ಜೋತುಬಿದ್ದ ಪಾದ ಮತ್ತು ಮುಚ್ಚದ ರೆಪ್ಪೆಗಳನ್ನು ಸರಿಪಡಿಸಲು ಪುನರ್ರಚನಾ ಶಸ್ತ್ರಚಿಕಿತ್ಸೆ ಲಭ್ಯವಿದೆ. ಶಸ್ತ್ರಚಿಕಿತ್ಸೆಗೆ ಒಳಗಾದವರಿಗೆ ಕಾರ್ಯಕ್ರಮದಡಿ ಸಹಾಯಧನವೂ ಇದೆ.

ಇ) ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ ಕುಷ್ಠರೋಗದಿಂದ ಗುಣಮುಖರಾದವರನ್ನು ಒಂದು ವರ್ಗವಾಗಿ ಸೇರಿಸಲಾಗಿದೆ. ಕಣ್ಣಿಗೆ ಕಾಣುವ ಊನವಿಲ್ಲದೆ ಕೈ ಅಥವಾ ಪಾದಗಳ ಸ್ಪರ್ಶ ಮಾತ್ರ ನಷ್ಟವಾಗಿರುವವರೂ ಈ ವ್ಯಾಖ್ಯೆಯಲ್ಲಿ ಬರುತ್ತಾರೆ ಎಂಬುದನ್ನು ಅರ್ಜಿದಾರರು ಗಮನಿಸಬೇಕು. ಶೇ. 40 ಅಥವಾ ಹೆಚ್ಚಿನ ಊನ ದೃಢಪಟ್ಟಲ್ಲಿ 6 ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಹಾಗೂ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಮೀಸಲಾತಿಯ ಪ್ರಯೋಜನ ದೊರೆಯುತ್ತದೆ. ವಿಶಿಷ್ಟ ಗುರುತಿನ ಚೀಟಿಗಾಗಿ ಯು.ಡಿ.ಐ.ಡಿ. ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನಿಯೋಜಿತ ವೈದ್ಯಕೀಯ ಪ್ರಾಧಿಕಾರದ ಮುಂದೆ ತಪಾಸಣೆಗೆ ಹಾಜರಾಗಬೇಕು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಾಯಿಗೆ ಕುಷ್ಠರೋಗವಿದ್ದಲ್ಲಿ ಮಗುವಿಗೆ ಎದೆಹಾಲು ನೀಡಬಹುದೇ?
ಉತ್ತರ: ನೀಡಬಹುದು. ಚಿಕಿತ್ಸೆ ಪಡೆಯುತ್ತಲೇ ಹಾಲುಣಿಸುವುದನ್ನು ಮುಂದುವರಿಸಬೇಕು. ಔಷಧದಿಂದಾಗಿ ಮಗುವಿನ ಚರ್ಮ ಸ್ವಲ್ಪ ಕಂದಾಗಬಹುದು. ಇದು ತಾತ್ಕಾಲಿಕ.

ಪ್ರಶ್ನೆ: ಮಗುವನ್ನು ರೋಗಿಯಿಂದ ದೂರವಿರಿಸಿ ಬೇರೆ ಊರಿನಲ್ಲಿ ಬಿಡಬೇಕೇ?
ಉತ್ತರ: ಬೇಡ. ರೋಗಿ ಚಿಕಿತ್ಸೆ ಆರಂಭಿಸಿದ ಮೇಲೆ ದೂರವಿರಿಸುವುದರಿಂದ ಪ್ರಯೋಜನವಿಲ್ಲ. ಸೋಂಕು ತಗಲಿದ್ದರೆ ಅದು ಹಿಂದೆಯೇ ತಗಲಿರುತ್ತದೆ. ದೂರ ಕಳುಹಿಸಿದ ಮಗು ತಪಾಸಣೆಯಿಂದ ತಪ್ಪಿಹೋಗುವ ಅಪಾಯವೇ ಹೆಚ್ಚು.

ಪ್ರಶ್ನೆ: ಮಗುವಿನ ಒಂದೇ ಮಚ್ಚೆ ತಾನಾಗಿಯೇ ಮಾಯವಾಗಬಹುದೆಂದು ಹೇಳುತ್ತಾರೆ. ಕಾಯಬಹುದೇ?
ಉತ್ತರ: ಆರಂಭದ ಕೆಲವು ಮಚ್ಚೆಗಳು ತಾವಾಗಿಯೇ ಮಾಯವಾಗುವುದುಂಟು. ಆದರೆ ಯಾವ ಮಗುವಿನಲ್ಲಿ ಹಾಗಾಗುತ್ತದೆ, ಯಾವ ಮಗುವಿನಲ್ಲಿ ನರಕ್ಕೆ ಹರಡುತ್ತದೆ ಎಂದು ಮುಂಚಿತವಾಗಿ ಹೇಳಲು ಸಾಧ್ಯವಿಲ್ಲ. ಆದ್ದರಿಂದ ಕಾಯಬಾರದು.

ಪ್ರಶ್ನೆ: ಮೊದಲು ಮಗುವಿಗೇ ರೋಗ ಪತ್ತೆಯಾದರೆ ಏನು ಮಾಡಬೇಕು?
ಉತ್ತರ: ಮನೆಯ ವಯಸ್ಕರೆಲ್ಲರೂ ತಪಾಸಣೆಗೆ ಒಳಪಡಬೇಕು. ಮಗುವಿಗೆ ರೋಗ ತಗಲಿಸಿದ ಮೂಲವನ್ನು ಹುಡುಕುವುದು ಯಾರನ್ನೂ ದೂಷಿಸಲು ಅಲ್ಲ. ಆ ವ್ಯಕ್ತಿಗೂ ಮನೆಯ ಇತರ ಮಕ್ಕಳಿಗೂ ರಕ್ಷಣೆ ನೀಡುವುದೇ ಇದರ ಉದ್ದೇಶ.

ಪ್ರಶ್ನೆ: ಚಿಕಿತ್ಸೆ ಮುಗಿದ ಮೇಲೂ ಮಚ್ಚೆ ಉಳಿದಿದೆ. ರೋಗ ಗುಣವಾಗಿಲ್ಲವೇ?
ಉತ್ತರ: ಮಚ್ಚೆಯ ಗುರುತು ಮತ್ತು ಅಲ್ಲಿನ ಸ್ಪರ್ಶದ ಕೊರತೆ ಚಿಕಿತ್ಸೆಯ ನಂತರವೂ ಉಳಿಯಬಹುದು. ರೋಗಾಣು ನಾಶವಾಗಿರುತ್ತದೆ. ಹೊಸ ಮಚ್ಚೆ ಅಥವಾ ಹೊಸದಾಗಿ ಬಲ ಕುಂದುವಿಕೆ ಕಂಡುಬಂದಲ್ಲಿ ಮಾತ್ರ ಕೂಡಲೇ ತೋರಿಸಬೇಕು.

ವಿಶೇಷ ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ರೋಗ ನಿರ್ಣಯ ಮತ್ತು ಔಷಧದ ಪ್ರಮಾಣವನ್ನು ವೈದ್ಯಾಧಿಕಾರಿಗಳೇ ನಿರ್ಧರಿಸುತ್ತಾರೆ. ಮನೆಯಲ್ಲಿ ಕುಷ್ಠರೋಗ ಬಾಧಿತರಿದ್ದು, ಮಕ್ಕಳ ತಪಾಸಣೆ ಇನ್ನೂ ಆಗಿರದಿದ್ದಲ್ಲಿ, ಮಗುವಿನಲ್ಲಿ ಯಾವುದೇ ತೊಂದರೆ ಕಾಣದಿದ್ದರೂ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ.